ಸುರಿಯುವುದು ಕಾಣುವುದಿಲ್ಲ, ಚೆಲ್ಲಿದ್ದು ಕಾಣುತ್ತದೆ: ಕಲಬುರಗಿಯ ಒಂದು ಪ್ರಕರಣ

"ಸಾರು ಬಡಿಸುವಾಗ ಚೆಲ್ಲುತ್ತಾರೆ." ಮನೆಯವರು ನನ್ನನ್ನು ಕರೆಸಿದಾಗ ಹೇಳಿದ್ದು ಇಷ್ಟೇ. ಕೈಯಲ್ಲಿ ಶಕ್ತಿ ಇಲ್ಲ ಅನಿಸುತ್ತದೆ, ಸ್ವಲ್ಪ ವ್ಯಾಯಾಮ ಹೇಳಿಕೊಡಿ ಅಂದರು.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಲಕ್ವಾ ಹೊಡೆದವರು, ಮಿದುಳಿನ ಕಾಯಿಲೆಯಿಂದ ಎದ್ದವರು ಆಸ್ಪತ್ರೆ ಬಿಟ್ಟು ಮನೆಗೆ ಬಂದ ಮೇಲೆ ಅವರ ಮನೆಗೇ ಹೋಗುವುದು ನನ್ನ ಕೆಲಸ. ಈ ಪ್ರಕರಣವನ್ನು ಆ ಹೆಣ್ಣುಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅಕ್ಕನಿಗೆ 44 ವರ್ಷ. ಸೂಪರ್ ಮಾರ್ಕೆಟ್ ಕಡೆಗೆ ಒಂದು ಸಣ್ಣ ರೊಟ್ಟಿ ಖಾನಾವಳಿ ನಡೆಸುತ್ತಾರೆ. ಗಂಡ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ. ದೊಡ್ಡ ಮಗಳ ಮದುವೆಯಾಗಿದೆ, ಎರಡು ವರ್ಷದ ಮೊಮ್ಮಗಳಿದ್ದಾಳೆ. ಚಿಕ್ಕ ಮಗಳು ಪಿಯುಸಿ ಓದುತ್ತಾಳೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆ ಖಾನಾವಳಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ನಾನು ಹೋದಾಗ ಮುಚ್ಚಿತ್ತು.

ಮೊದಲ ದಿನ ಕೈ ಹಿಡಿದು ನೋಡಿದೆ. ಎರಡೂ ಕೈಯ ಹಿಡಿತ ಗಟ್ಟಿಯಾಗಿತ್ತು. ನಡುಕ ಇರಲಿಲ್ಲ. ಮೂಗು ಮುಟ್ಟಿ ನನ್ನ ಬೆರಳು ಮುಟ್ಟಿ ಅಂದರೆ, ನನ್ನ ಬೆರಳು ಸುಮ್ಮನಿದ್ದಾಗ ಸರಿಯಾಗಿ ಮುಟ್ಟಿದರು. ಬೆರಳನ್ನು ಅತ್ತಿತ್ತ ಸರಿಸಿದಾಗ ತಪ್ಪಿದರು. ಆ ತಪ್ಪನ್ನು ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಇದು ಸಮತೋಲನದ ತೊಂದರೆ ಎಂದು ಬರೆದುಕೊಂಡೆ. ಎರಡು ವಾರ ಒಂಟಿ ಕಾಲಲ್ಲಿ ನಿಲ್ಲುವುದು, ಗೆರೆಯ ಮೇಲೆ ನಡೆಯುವುದು ಇದನ್ನೇ ಮಾಡಿಸಿದೆ. ಅಕ್ಕ ಪಾಪ ಎಲ್ಲವನ್ನೂ ಚೆನ್ನಾಗಿ ಮಾಡಿದರು. ಸಾರು ಮಾತ್ರ ಚೆಲ್ಲುತ್ತಲೇ ಇತ್ತು.

ಏನಾಗಿತ್ತು

ಮಾರ್ಚ್ ತಿಂಗಳಲ್ಲಿ, ಹೋಳಿ ಹುಣ್ಣಿಮೆ ಆದ ಮೇಲೆ ಶರಣಬಸವೇಶ್ವರರ ಜಾತ್ರೆ. ಅದರ ಮಡಿಗಾಗಿ ಅಕ್ಕ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡಿದ್ದರು. ಮೆಡಿಕಲ್ ಅಂಗಡಿಯಿಂದ ನೇರವಾಗಿ, ಯಾರನ್ನೂ ಕೇಳದೆ. ಜಾತ್ರೆಯ ದಿನಗಳಲ್ಲಿ ಖಾನಾವಳಿಗೆ ಜನ ಜಾಸ್ತಿ. ಬಿಸಿಲಿನಲ್ಲಿ, ಒಲೆಯ ಮುಂದೆ, ನೀರು ಕುಡಿಯಲೂ ಪುರುಸೊತ್ತಿಲ್ಲದೆ ದುಡಿದರು. ಮೊದಲೇ ರಕ್ತ ಕಡಿಮೆ ಇದ್ದ ಮೈ.

ಆಮೇಲೆ ತಲೆನೋವು ಶುರುವಾಯಿತು. ದಿನದಿಂದ ದಿನಕ್ಕೆ ಜಾಸ್ತಿಯಾಯಿತು. ಮಲಗಿದರೆ ಇನ್ನೂ ಜೋರು. ವಾಂತಿಯೂ ಆಯಿತು. ಬಿಸಿಲು ಬಡಿದಿರಬೇಕು ಅಂತ ಈರುಳ್ಳಿ, ಮಜ್ಜಿಗೆ ಕೊಟ್ಟರು. ಏಳನೆಯ ದಿನ ಫಿಟ್ಸ್ ಬಂತು. ಆಸ್ಪತ್ರೆಗೆ ಒಯ್ದಾಗ ಎಂಆರ್‌ಐ ಮಾಡಿದರು. ಮಿದುಳಿನಿಂದ ಕೆಟ್ಟ ರಕ್ತವನ್ನು ಹೊರಗೆ ಒಯ್ಯುವ ದೊಡ್ಡ ಕಾಲುವೆಯೊಂದು ನೆತ್ತಿಯ ಉದ್ದಕ್ಕೂ ಹಿಂದಕ್ಕೆ ಹರಿಯುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೊರಗೆ ಹೋಗಬೇಕಾದ ರಕ್ತ ಹೋಗದಿದ್ದರೆ ಒಳಗೆ ಒತ್ತಡ ಏರುತ್ತದೆ, ಮಿದುಳು ಊದುತ್ತದೆ, ಕೆಲವು ಭಾಗ ಸತ್ತೂ ಹೋಗುತ್ತದೆ. ಅಕ್ಕನಿಗೆ ತಲೆಯ ಹಿಂಭಾಗದಲ್ಲಿ, ಎಡಕ್ಕೂ ಬಲಕ್ಕೂ ಎರಡೂ ಕಡೆ, ಕಿವಿಯ ಹಿಂದೆ ಸ್ವಲ್ಪ ಮೇಲೆ ಇರುವ ಜಾಗಕ್ಕೆ ಪೆಟ್ಟಾಗಿತ್ತು.

ರಕ್ತ ತೆಳುವಾಗಿಸುವ ಔಷಧ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟರು. ಜೀವ ಉಳಿಯಿತು. ಮೈಯಲ್ಲಿ ನೀರು ಕಡಿಮೆಯಾದದ್ದು, ರಕ್ತಹೀನತೆ, ಆ ಹಾರ್ಮೋನ್ ಮಾತ್ರೆ, ಮೂರೂ ಸೇರಿರಬಹುದು ಎಂದು ವೈದ್ಯರು ಹೇಳಿದರಂತೆ. ಇದನ್ನು ಓದುವ ಹೆಣ್ಣುಮಕ್ಕಳಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಅಂತ ಇಂಥ ಮಾತ್ರೆ ನುಂಗುವವರು ನಮ್ಮಲ್ಲಿ ಬಹಳ ಜನ. ಹಾರ್ಮೋನ್ ಮಾತ್ರೆಗಳಿಂದ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ದಯವಿಟ್ಟು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ದಿನೇ ದಿನೇ ಏರುವ ತಲೆನೋವಿನ ಜೊತೆ ವಾಂತಿ, ಫಿಟ್ಸ್, ಮಂಪರು ಇದ್ದರೆ ಮಜ್ಜಿಗೆ ಕುಡಿದು ಕಾಯಬೇಡಿ.

ಮನೆಗೆ ಬಂದ ಮೇಲೆ

ಮೇ ತಿಂಗಳಲ್ಲಿ ಅಕ್ಕ ಮನೆಗೆ ಬಂದರು. ಮಾತು ಸರಿ, ನೆನಪು ಸರಿ, ಲೆಕ್ಕ ಸರಿ. ಆದರೆ ಏನೋ ಕೆಟ್ಟಿತ್ತು. ಅದನ್ನು ಹೇಳಲು ಅವರಿಗೆ ಮಾತು ಸಿಗುತ್ತಿರಲಿಲ್ಲ. "ಕಣ್ಣು ಸರಿ ಇಲ್ಲ" ಅಂದರು. ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಕೊನೆಯ ಸಾಲಿನವರೆಗೂ ಓದಿದರು. ಬಣ್ಣದ ಚುಕ್ಕಿಗಳ ಪುಸ್ತಕದಲ್ಲಿ ಅಂಕಿ ಗುರುತಿಸಿದರು. ಕಣ್ಣು ಚೆನ್ನಾಗಿದೆ ಅಂದರು. ಅಲ್ಲಿಗೂ ಬಿಡದೆ ಇನ್ನೊಂದು ಕಡೆ ಕನ್ನಡಕ ಮಾಡಿಸಿದರು. ಅದನ್ನು ಹಾಕಿಕೊಂಡೂ ಸಾರು ಚೆಲ್ಲಿತು. ಕಡೆಗೆ ಯಾರೋ, ಇದು ಮನಸ್ಸಿನ ಕಾಯಿಲೆ, ಆಸ್ಪತ್ರೆಯಲ್ಲಿ ಹೆದರಿದ್ದಾರೆ ಅಂದರು. ಅತ್ತೆ ದೃಷ್ಟಿ ತೆಗೆದರು. ಗಂಡ ಮಾತ್ರ ಏನೂ ಅನ್ನದೆ, ಮಧ್ಯಾಹ್ನ ಗಂಜ್‌ನಿಂದ ಬಂದು ತಾವೇ ಬಡಿಸಿಕೊಂಡು ಉಣ್ಣತೊಡಗಿದರು. ಅದು ತನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು ಅಂತ ಅಕ್ಕ ಆಮೇಲೆ ನನಗೆ ಹೇಳಿದರು.

ಮೂರನೆಯ ವಾರ ನಾನು ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಜೋಳದ ಹಿಟ್ಟಿನ ಉಂಡೆ ಅವರ ಅಂಗೈ ಕೆಳಗೆ ತಿರುಗುತ್ತಾ ತಿರುಗುತ್ತಾ ತೆಳುವಾಗಿ, ದುಂಡಗೆ, ಅಂಚು ಎಲ್ಲೂ ಒಡೆಯದೆ ಹರಡಿತು. ಇಂಥ ಕೈಗೆ ಸಮತೋಲನ ಇಲ್ಲ ಅಂತ ನಾನು ಹೇಗೆ ಬರೆದೆ? ರೊಟ್ಟಿ ಹಂಚಿಗೆ ಬಿತ್ತು. ಮೇಲೆ ನೀರು ಸವರಿ ತಿರುವಿ ಹಾಕಿದರು. ಆಮೇಲೆ ಅದನ್ನೇ ನೋಡುತ್ತಾ ಕೂತರು.

"ಏನ್ ನೋಡ್ಲಕತ್ತೀರಿ ಅಕ್ಕಾ?" ಅಂದೆ.

"ಉಬ್ಬೋದು ಕಾಣ್ತದೇನು ಅಂತ ನೋಡ್ಲಕತ್ತೀನ್ರಿ ಸರ. ಕಾಣಂಗಿಲ್ಲ. ಸಪಾಟ್ ಇರ್ತದ. ಆಮ್ಯಾಲ ಒಮ್ಮಿಗೇ ಉಬ್ಬಿರ್ತದ. ನಡುವಿಂದು ಎಲ್ಲಿ ಹೋತು ತಿಳಿಯಲ್ಲ."

ನಾನು ಪಕ್ಕದಲ್ಲಿ ಕೂತೆ. ನಲ್ಲಿ ಬಿಟ್ಟು, ಇದು ಹೇಗೆ ಕಾಣುತ್ತದೆ ಅಂತ ಕೇಳಿದೆ. "ಬಿಳಿ ದಾರ ಇಳಿಬಿಟ್ಟಂಗ. ನಿಂತದ. ಸಪ್ಪಳ ಕೇಳ್ತದ ಅದಕ್ಕ ನೀರು ಅಂತೀನಿ." ಸಾರು? "ಸೌಟಿನಿಂದ ಬೀಳೋದು ಕಾಣಲ್ಲ. ಬಟ್ಲ ಖಾಲಿ ಇರ್ತದ, ಮತ್ತ ನೋಡಿದ್ರ ತಾಟಿನಾಗ ಹರಿದಿರ್ತದ." ಮೊಮ್ಮಗಳು? ಅಕ್ಕನ ದನಿ ಬಿತ್ತು. "ಕೂಸು ಬಾಗಲ್ದಾಗ ಇರ್ತದ. ಮತ್ತ ನೋಡಿದ್ರ ಒಲಿ ಹತ್ರ ಇರ್ತದ. ಬಂದಿದ್ದೇ ಕಾಣಂಗಿಲ್ಲ. ನನಗ ಅಂಜಿಕಿ ಆಗ್ತದ್ರಿ."

ಆ ದಿನ ನಾನು ವ್ಯಾಯಾಮ ಮಾಡಿಸಲಿಲ್ಲ. ಮನೆಗೆ ಹೋಗಿ ಓದಲು ಕೂತೆ.

ಚಲನೆಗೆ ಮಿದುಳಿನಲ್ಲಿ ಬೇರೆ ಜಾಗ

ಕಣ್ಣು ಕ್ಯಾಮೆರಾದ ಹಾಗೆ, ಮಿದುಳು ಅದರ ಚಿತ್ರ ನೋಡುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತದ್ದು. ಚಿತ್ರ ಸರಿ ಇದ್ದರೆ ಚಲನೆಯೂ ತಾನಾಗಿ ಕಾಣಬೇಕು ಅಲ್ವಾ? ಹಾಗಲ್ಲ. ಬಣ್ಣ, ಆಕಾರ, ಚಲನೆ, ಇವುಗಳನ್ನು ಮಿದುಳು ಬಹುಮಟ್ಟಿಗೆ ಬೇರೆ ಬೇರೆ ಜಾಗದಲ್ಲಿ ಗುರುತಿಸುತ್ತದೆ.

ಕಣ್ಣಿನಿಂದ ಹೊರಟ ಸುದ್ದಿ ಮೊದಲು ತಲೆಯ ಹಿಂಬದಿಯಲ್ಲಿರುವ ದೃಷ್ಟಿ ಪದರಕ್ಕೆ ಬರುತ್ತದೆ. ಅದನ್ನು ವಿ1 ಅನ್ನುತ್ತಾರೆ. ಅಲ್ಲಿನ ಒಂದೊಂದು ಕೋಶವೂ ನೋಟದ ಒಂದು ಸಣ್ಣ ತುಣುಕನ್ನು ಮಾತ್ರ ಕಾಯುತ್ತದೆ. 1958ರಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಈ ಭಾಗದಲ್ಲಿ ಸೂಜಿಯಂಥ ತಂತಿ ಇಟ್ಟು ಒಂದು ಕೋಶದ ವಿದ್ಯುತ್ ಮಿಡಿತವನ್ನು ಸದ್ದಾಗಿಸಿ ಕೇಳುತ್ತಿದ್ದರು. ಗಾಜಿನ ಸ್ಲೈಡಿನ ಮೇಲಿನ ಚುಕ್ಕಿಯನ್ನು ಎಷ್ಟು ತೋರಿಸಿದರೂ ಕೋಶ ಮಿಸುಕಲಿಲ್ಲ. ಸ್ಲೈಡನ್ನು ತೂರಿಸುವಾಗ ಅದರ ಅಂಚಿನ ತೆಳು ನೆರಳು ಪರದೆಯ ಮೇಲೆ ಸರಿಯಿತು. ಆಗ ಕೋಶ ಪಟಪಟನೆ ಮಿಡಿಯಿತು. ಅದಕ್ಕೆ ಬೇಕಾದದ್ದು ಒಂದು ಕೋನದಲ್ಲಿ ಓರೆಯಾಗಿ ಸರಿಯುವ ಗೆರೆ. ಇಂಥ ಎಷ್ಟೋ ಕೋಶಗಳು ಗೆರೆ ಒಂದು ದಿಕ್ಕಿಗೆ ಸರಿದರೆ ಮಿಡಿಯುತ್ತವೆ, ಉಲ್ಟಾ ಸರಿದರೆ ಸುಮ್ಮನಿರುತ್ತವೆ. ಈ ಕೆಲಸಕ್ಕೆ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಆದರೆ ವಿ1ರ ಕೋಶಕ್ಕೆ ಒಂದು ಮಿತಿ ಇದೆ. ಅದು ಕಿಂಡಿಯಲ್ಲಿ ಇಣುಕಿದ ಹಾಗೆ ನೋಡುತ್ತದೆ. ಇದನ್ನು ನೀವೇ ಮಾಡಿ ನೋಡಬಹುದು. ಒಂದು ರಟ್ಟಿನಲ್ಲಿ ರೂಪಾಯಿಯಷ್ಟು ತೂತು ಮಾಡಿ. ಅದರ ಹಿಂದೆ ಉದ್ದನೆಯ ಕಡ್ಡಿಯನ್ನು ಓರೆಯಾಗಿ ಹಿಡಿದು, ತುದಿಗಳು ತೂತಿನಲ್ಲಿ ಕಾಣದ ಹಾಗೆ, ಒಮ್ಮೆ ಬಲಕ್ಕೆ ಸರಿಸಿ. ಇನ್ನೊಮ್ಮೆ ಮೇಲಕ್ಕೆ ಅಥವಾ ಕೆಳಕ್ಕೆ ಸರಿಸಿ. ತೂತಿನಿಂದ ನೋಡುವವರಿಗೆ ಬಲಕ್ಕೆ ಹೋದದ್ದೂ, ಮೇಲೆ ಕೆಳಗೆ ಹೋದದ್ದರಲ್ಲಿ ಒಂದೂ, ಒಂದೇ ಥರ ಕಾಣುತ್ತವೆ. ಕಡ್ಡಿ ನಿಜವಾಗಿ ಎತ್ತ ಹೋಯಿತು ಎಂದು ಒಂದು ಕಿಂಡಿಯಿಂದ ಹೇಳಲು ಬರುವುದಿಲ್ಲ. ನೂರು ಕಿಂಡಿಗಳ ಸುದ್ದಿಯನ್ನು ಒಟ್ಟು ಮಾಡಿ, "ಇಡೀ ಬಸ್ಸು ಬಲಕ್ಕೆ ಹೊರಟಿದೆ" ಎಂದು ತೀರ್ಮಾನಿಸುವವರು ಬೇಕು.

ಆ ಕೆಲಸದಲ್ಲಿ ದೊಡ್ಡ ಪಾಲು ವಿ5 ಎಂಬ ಜಾಗದ್ದು. ಎಂಟಿ ಅಂತಲೂ ಕರೆಯುತ್ತಾರೆ. ಜಾನ್ ಆಲ್‌ಮನ್ ಮತ್ತು ಜಾನ್ ಕಾಸ್ 1971ರಲ್ಲಿ ಗೂಬೆಕೋತಿಯಲ್ಲಿ ಅದನ್ನು ಗುರುತಿಸಿ ಎಂಟಿ ಅಂದರು. ಸೆಮಿರ್ ಝೆಕಿ 1974ರಲ್ಲಿ ಮಕಾಕ್ ಕೋತಿಯಲ್ಲಿ ಅದಕ್ಕೆ ಸರಿಸಮವಾದ ಜಾಗದ ಕೋಶಗಳು ಬಣ್ಣಕ್ಕೆ ಗಮನ ಕೊಡದೆ ಚಲನೆಯ ದಿಕ್ಕಿಗೆ ಮಿಡಿಯುವುದನ್ನು ತೋರಿಸಿದರು. ಮನುಷ್ಯರಲ್ಲಿ ಅದು ಎಲ್ಲಿದೆ ಎಂದು ಅವರ ತಂಡವೇ 1991ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು. ಕಿವಿಯ ಹಿಂದೆ, ಸ್ವಲ್ಪ ಮೇಲೆ, ಎಡಕ್ಕೊಂದು ಬಲಕ್ಕೊಂದು.

ಅಕ್ಕನ ಎಂಆರ್‌ಐ ವರದಿ ಮತ್ತೆ ತೆಗೆದು ನೋಡಿದೆ. ಅದೇ ಜಾಗ. ಎರಡೂ ಕಡೆ.

ವಿ5ರಲ್ಲಿ ಒಂದೇ ದಿಕ್ಕನ್ನು ಇಷ್ಟಪಡುವ ಕೋಶಗಳು ಒಟ್ಟಿಗೆ ಗುಂಪಾಗಿ ಕೂತಿರುತ್ತವೆ. ಬಲಕ್ಕೆ ಹೋಗುವುದನ್ನು ಕಾಯುವವು ಒಂದು ಕಡೆ, ಮೇಲಕ್ಕೆ ಹೋಗುವುದನ್ನು ಕಾಯುವವು ಇನ್ನೊಂದು ಕಡೆ. ವಿಲಿಯಂ ನ್ಯೂಸಮ್ ಮತ್ತು ಜೊತೆಗಾರರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೋತಿಗಳು ಪರದೆಯ ಮೇಲಿನ ಚುಕ್ಕಿಗಳು ಎತ್ತ ಸರಿಯುತ್ತಿವೆ ಎಂದು ಹೇಳಬೇಕು. ಆಗ ಒಂದು ದಿಕ್ಕಿನ ಗುಂಪಿಗೆ ತೀರಾ ಸಣ್ಣ ವಿದ್ಯುತ್ ಕೊಟ್ಟರು. ಕೋತಿಗಳು ಆ ದಿಕ್ಕನ್ನೇ ಹೆಚ್ಚು ಸಲ ಆರಿಸಿದವು. ಪರದೆಯ ಮೇಲಿನ ಚುಕ್ಕಿ ಬದಲಾಗಿರಲಿಲ್ಲ. ಕೋತಿಯ ತೀರ್ಪು ಬದಲಾಗಿತ್ತು. ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. ಚಲನೆ ನಾವು ಹೊರಗಿನಿಂದ ಸುಮ್ನೆ ಪಡೆಯುವ ವಸ್ತು ಅಲ್ಲ. ಪ್ರತಿ ಕ್ಷಣ ತಲೆಯೊಳಗೆ ಕಟ್ಟಬೇಕಾದದ್ದು.

ಅಕ್ಕನಂಥವರು ಮೊದಲೂ ಇದ್ದರು. 1978ರಲ್ಲಿ ಜರ್ಮನಿಯ ಒಬ್ಬ ಹೆಣ್ಣುಮಗಳಿಗೆ ಇದೇ ಥರ ಮಿದುಳಿನ ರಕ್ತದ ಕಾಲುವೆಯಲ್ಲಿ ಹೆಪ್ಪುಗಟ್ಟಿ ಎರಡೂ ಕಡೆ ಪೆಟ್ಟಾಗಿತ್ತು. ಮ್ಯೂನಿಕ್‌ನಲ್ಲಿ ಯೋಸೆಫ್ ಝೀಲ್ ಮತ್ತು ಜೊತೆಗಾರರು ಅವರನ್ನು ಪರೀಕ್ಷಿಸಿ 1983ರಲ್ಲಿ ವರದಿ ಬರೆದರು. ವೈದ್ಯಕೀಯ ಬರಹಗಳಲ್ಲಿ ಅವರನ್ನು ಎಲ್.ಎಂ. ಎಂದಷ್ಟೇ ಕರೆಯುತ್ತಾರೆ. ಕಪ್ಪಿಗೆ ಚಹಾ ಸುರಿಯುವುದು ಅವರಿಗೆ ಕಷ್ಟವಾಗಿತ್ತು. ಬೀಳುವ ಚಹಾ ಹೆಪ್ಪುಗಟ್ಟಿದ ಹಿಮದಂತೆ ನಿಂತು ಕಾಣುತ್ತಿತ್ತು. ಕೋಣೆಯಲ್ಲಿ ಜನ ಇಲ್ಲಿದ್ದವರು ಒಮ್ಮೆಲೇ ಅಲ್ಲಿರುತ್ತಿದ್ದರು. ಮ್ಯೂನಿಕ್‌ನ ಚಹಾ, ಕಲಬುರಗಿಯ ಬೇಳೆಸಾರು. ನಾನು ಆ ವಿವರ ಓದುವಾಗ ಅಕ್ಕನ ದನಿಯೇ ಕೇಳುತ್ತಿತ್ತು.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ಬಿದ್ದ ಸೈನಿಕರನ್ನು ನೋಡಿದ ಜಾರ್ಜ್ ರಿಡಕ್ ಎಂಬ ವೈದ್ಯರು 1917ರಲ್ಲಿ ಬರೆದರು: ಕೆಲವರಿಗೆ ಕುರುಡಾದ ಭಾಗದಲ್ಲಿ ನಿಂತ ವಸ್ತು ಕಾಣುವುದಿಲ್ಲ, ಆದರೆ ಏನೋ ಅಲ್ಲಾಡಿತು ಎಂದು ಮಾತ್ರ ಗೊತ್ತಾಗುತ್ತದೆ. ವಸ್ತು ಇಲ್ಲದ ಚಲನೆ ಅವರಿಗೆ, ಚಲನೆ ಇಲ್ಲದ ವಸ್ತು ಅಕ್ಕನಿಗೆ.

ಹೆಬ್ಬೆರಳಿನ ಅಳತೆ

ಓದಿದ್ದು ಸಾಲದು, ಅಕ್ಕನಿಗೆ ಎಷ್ಟು ಕಾಣುತ್ತದೆ ಎಂದು ತಿಳಿಯಬೇಕಿತ್ತು. ದೊಡ್ಡ ಯಂತ್ರ ನನ್ನ ಹತ್ತಿರ ಇಲ್ಲ. ಖಾನಾವಳಿಯ ಉದ್ದನೆಯ ಮೇಜು ಇತ್ತು. ಅದರ ಮೇಲೆ ಕಪ್ಪು ಬಟ್ಟೆ ಹಾಸಿದೆವು. ಬಿಳಿ ಚೆಂಡಿಗೆ ದಾರ ಕಟ್ಟಿದೆವು. ಚಿಕ್ಕ ಮಗಳು ದಾರ ಎಳೆಯುವುದು, ನಾನು ಮೊಬೈಲಿನಲ್ಲಿ ಸಮಯ ಹಿಡಿಯುವುದು, ಅಕ್ಕ ಒಂದು ಮೀಟರ್ ದೂರದಲ್ಲಿ ಕೂತು ಹೇಳುವುದು.

ಇಲ್ಲಿ ಒಂದು ಲೆಕ್ಕ ಬೇಕು. ಕಣ್ಣಿಗೆ ಮುಖ್ಯವಾದದ್ದು ವಸ್ತು ಎಷ್ಟು ಮೀಟರ್ ಓಡಿತು ಎಂಬುದಲ್ಲ, ನೋಟದಲ್ಲಿ ಎಷ್ಟು ಕೋನ ದಾಟಿತು ಎಂಬುದು. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಸುಮಾರು 2 ಡಿಗ್ರಿ. ಹಾಗಾಗಿ ನಾವು ಮನೆಯಲ್ಲಿ "ಸೆಕೆಂಡಿಗೆ ಎಷ್ಟು ಹೆಬ್ಬೆರಳು" ಎಂದೇ ಮಾತಾಡತೊಡಗಿದೆವು.

ಚೆಂಡು ಸೆಕೆಂಡಿಗೆ 10 ಸೆಂಟಿಮೀಟರ್ ಸರಿದರೆ ಅಕ್ಕನ ಕಣ್ಣಿಗೆ ಅದು ಸುಮಾರು ಮೂರು ಹೆಬ್ಬೆರಳು. "ಹೊಂಟದ, ಬಲಕ್ಕ" ಅಂದರು. ಪ್ರತಿ ಸಲವೂ ಸರಿ. ಅದರ ಎರಡರಷ್ಟು ವೇಗಕ್ಕೆ ಅನುಮಾನ ಶುರುವಾಯಿತು. ನಾಲ್ಕರಷ್ಟು ಮಾಡಿದಾಗ, ಅಂದರೆ ಹನ್ನೊಂದು ಹೆಬ್ಬೆರಳು, "ಇಲ್ಲಿತ್ತು. ಈಗ ಅಲ್ಲದ" ಅಂದರು.

"ಹೋದದ್ದು ಕಂಡಿತೇನ್ರಿ?"

"ಹೋಗ್ಯದ ಅಂತ ಗೊತ್ತಾತು. ಹೋಗೋದು ಕಾಣ್ಲಿಲ್ಲ."

ಈ ಎರಡರ ನಡುವಿನ ಅಂತರವೇ ಇಡೀ ಪ್ರಕರಣ. ಚೆಂಡು ಮೊದಲು ಎಡಕ್ಕಿತ್ತು, ಈಗ ಬಲಕ್ಕಿದೆ, ಹಾಗಾದರೆ ಬಲಕ್ಕೆ ಹೋಗಿರಬೇಕು ಎಂದು ಬುದ್ಧಿ ಲೆಕ್ಕ ಹಾಕುತ್ತದೆ. ಗಡಿಯಾರದ ತಾಸಿನ ಮುಳ್ಳು ಸರಿದದ್ದು ನಮಗೆ ಗೊತ್ತಾಗುವುದೂ ಹೀಗೇ. ಕಾಣುವುದಿಲ್ಲ, ಗೊತ್ತಾಗುತ್ತದೆ. ಅಕ್ಕನಿಗೆ ಈಗ ಆಟೋ ಕೂಡ ತಾಸಿನ ಮುಳ್ಳಿನ ಹಾಗೆ.

ಬುದ್ಧಿ ಲೆಕ್ಕ ಹಾಕದಂತೆ ಮಾಡಲು ವಿಜ್ಞಾನಿಗಳು ಚುಕ್ಕಿಗಳ ಪರೀಕ್ಷೆ ಬಳಸುತ್ತಾರೆ. ಪರದೆಯ ತುಂಬ ನೂರಾರು ಚುಕ್ಕಿಗಳು. ಕೆಲವು ಒಂದೇ ದಿಕ್ಕಿಗೆ ಸರಿಯುತ್ತವೆ, ಉಳಿದವು ಸಿಕ್ಕಸಿಕ್ಕ ಕಡೆ. ಯಾವ ಒಂದು ಚುಕ್ಕಿಯನ್ನೂ ಹಿಡಿದು "ಇಲ್ಲಿತ್ತು, ಅಲ್ಲಿದೆ" ಅನ್ನಲು ಬರುವುದಿಲ್ಲ. ಆರೋಗ್ಯವಂತರಿಗೆ ನೂರರಲ್ಲಿ ಕೆಲವೇ ಚುಕ್ಕಿ ಒಟ್ಟಿಗೆ ಸರಿದರೂ ದಿಕ್ಕು ತಿಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಅಂಥದ್ದನ್ನು ಹಾಕಿದೆ. ಅರ್ಧ ಚುಕ್ಕಿಗಳು ಒಂದೇ ಕಡೆ ಹೊರಟಿದ್ದರೂ ಅಕ್ಕನ ಉತ್ತರ ನಾಣ್ಯ ಚಿಮ್ಮಿದ ಹಾಗೆ ಬಂತು. "ಬಿಳಿ ಎಳ್ಳು ಚೆಲ್ಲಿದಂಗ ಅದ. ಮಿಣಮಿಣ ಅಂತದ. ಎತ್ತಾಗೂ ಹೋಗಂಗಿಲ್ಲ."

ಒಂದು ಕೊನೆಯ ಪರೀಕ್ಷೆ ಮನೆಯವರಿಗೂ ಮಾಡಿದೆ. ಗೂಡ್ಸ್ ರೈಲು ಹೋಗುವುದನ್ನು ಒಂದು ನಿಮಿಷ ನಿಂತು ನೋಡಿ, ಅದು ಮುಗಿದ ಮೇಲೆ ನೆಲ ನೋಡಿದರೆ ನೆಲವೇ ಉಲ್ಟಾ ಸರಿದಂತೆ ಅನಿಸುತ್ತದೆ. ಜಲಪಾತದ ಭ್ರಮೆ ಎಂದು ಇದಕ್ಕೆ ಹೆಸರು. ರಾಬರ್ಟ್ ಆಡಮ್ಸ್ ಎಂಬವರು 1834ರಲ್ಲಿ ಸ್ಕಾಟ್ಲೆಂಡಿನ ಒಂದು ಜಲಪಾತದ ಮುಂದೆ ನಿಂತು ಇದನ್ನು ವಿವರಿಸಿದ್ದರು. ಒಂದು ದಿಕ್ಕಿನ ಕೋಶಗಳು ದಣಿದಾಗ ಎದುರು ದಿಕ್ಕಿನವು ಮೇಲುಗೈ ಪಡೆಯುತ್ತವೆ. ಮೊಬೈಲಿನಲ್ಲಿ ತಿರುಗುವ ಸುರುಳಿ ತೋರಿಸಿ ನಿಲ್ಲಿಸಿದಾಗ ಚಿಕ್ಕ ಮಗಳು, ಗಂಡ, ಅತ್ತೆ ಮೂವರೂ "ಅಯ್ಯ, ಉಲ್ಟಾ ತಿರುಗ್ತದ" ಅಂದರು. ಅಕ್ಕ ಎಲ್ಲರ ಮುಖ ನೋಡಿದರು. ಅವರಿಗೆ ಏನೂ ಆಗಲಿಲ್ಲ. ಆಗಲೇ ಗಂಡನಿಗೆ ಅರ್ಥವಾದದ್ದು. "ಅಂದ್ರ ಇಕಿ ಸುಳ್ಳ ಹೇಳಿಲ್ಲ" ಅಂತ ಮೆಲ್ಲಗೆ ಅಂದು ಹೊರಗೆ ಹೋದರು.

ನನ್ನ ಅನಿಸಿಕೆ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅಕ್ಕನನ್ನು ನೋಡಿದ ಯಾರೂ ಕೆಟ್ಟವರಲ್ಲ, ದಡ್ಡರೂ ಅಲ್ಲ. ಆದರೆ ಅವರ ಮುಂದೆ ಇಟ್ಟದ್ದೆಲ್ಲ ನಿಂತ ವಸ್ತು. ಅಕ್ಷರದ ಹಲಗೆ ನಿಂತಿದೆ. ಬಣ್ಣದ ಪುಸ್ತಕ ನಿಂತಿದೆ. ಸ್ಕ್ಯಾನಿನ ಚಿತ್ರವೂ ನಿಂತಿದೆ. ಬೆರಳು ಸರಿಸಿದ ಒಬ್ಬನೇ ಒಬ್ಬ ನಾನು, ನಾನೂ ಕೈ ನೋಡಿದೆ, ಕಣ್ಣು ನೋಡಲಿಲ್ಲ. ತಲೆಯ ಹಿಂಭಾಗಕ್ಕೆ ಪೆಟ್ಟಾದವರು ಕಣ್ಣಿನ ದೂರು ಹೇಳಿ, ಕಣ್ಣಿನ ವರದಿ ಸರಿ ಬಂದರೆ, ಒಂದು ಚೆಂಡು ಉರುಳಿಸಿ ಕೇಳಲು ಎರಡು ನಿಮಿಷ ಸಾಕು. ಈ ತೊಂದರೆ ಬಹಳ ಅಪರೂಪ, ನಿಜ. ಒಂದೇ ಕಡೆ ಪೆಟ್ಟಾದರೆ ಇಷ್ಟು ಜೋರಾಗಿ ಕಾಣಿಸುವುದಿಲ್ಲ. ಆದರೆ ಅಪರೂಪದ ಕಾಯಿಲೆ ಬಂದವರಿಗೆ ಅದು ದಿನದ ಬದುಕು.

ಖಾನಾವಳಿ ಮತ್ತೆ ತೆರೆದದ್ದು

ಸತ್ತ ಕೋಶ ಮರಳಿ ಬರುವುದಿಲ್ಲ. ಎಲ್.ಎಂ. ಅವರಿಗೂ ವರ್ಷಗಳ ನಂತರ ತೊಂದರೆ ಹಾಗೇ ಉಳಿದಿತ್ತು. ಇದನ್ನು ನಾನು ಅಕ್ಕನಿಗೆ ಮುಚ್ಚಿಡಲಿಲ್ಲ. ಆದರೆ ಕಿವಿ ಇದೆ, ಕೈ ಇದೆ. ಚಲನೆಯನ್ನು ಅವು ಕಣ್ಣಿನ ಹಂಗಿಲ್ಲದೆ ಹಿಡಿಯುತ್ತವೆ. ರೊಟ್ಟಿ ಕೆಡದೆ ಉಳಿದದ್ದೂ ಅದಕ್ಕೇ. ರೊಟ್ಟಿ ಬಡಿಯುವವರು ಕಣ್ಣಿನಿಂದ ಬಡಿಯುವುದಿಲ್ಲ.

ಮೊದಲು ಕೂಸಿನ ಕಾಲಿಗೆ ಗೆಜ್ಜೆ ಕಟ್ಟಿಸಿದೆವು. ಅಷ್ಟಕ್ಕೇ ಅಕ್ಕನ ಅರ್ಧ ಅಂಜಿಕೆ ಹೋಯಿತು. ಮೊಮ್ಮಗಳು ಎತ್ತ ಓಡಿದಳು ಎಂದು ಈಗ ಬೆನ್ನು ತಿರುಗಿಸಿಕೊಂಡೇ ಹೇಳುತ್ತಾರೆ. ಸಾರಿಗೆ ಸೌಟಿನ ಲೆಕ್ಕ: ಬಟ್ಟಲಿಗೆ ಎರಡು, ಅದಕ್ಕಿಂತ ಒಂದು ಹನಿ ಜಾಸ್ತಿ ಇಲ್ಲ. ನೀರು ತುಂಬುವಾಗ ಸಪ್ಪಳ ಕೇಳುವುದು. ಕೊಡ ತುಂಬುತ್ತಾ ಬಂದ ಹಾಗೆ ಸದ್ದು ಸಣ್ಣಗಾಗಿ ಮೇಲೇರುತ್ತದೆ, ನಮ್ಮ ಹೆಣ್ಣುಮಕ್ಕಳಿಗೆ ಇದು ಮೊದಲೇ ಗೊತ್ತು. ಮಾತಾಡುವವರ ತುಟಿ ಜಿಗಿಜಿಗಿದು ಕಂಡು ಅಕ್ಕನಿಗೆ ತಲೆ ಸುತ್ತುತ್ತಿತ್ತು. ಮುಖ ಬಿಟ್ಟು ಪಕ್ಕಕ್ಕೆ ನೋಡುತ್ತಾ ಕೇಳಿ ಅಂದೆ. ಅದು ಸೊಕ್ಕು ಅನಿಸೀತು ಎಂದು ಹಿಂಜರಿದರು. ಮನೆಯವರಿಗೆಲ್ಲ ಹೇಳಿ ಒಪ್ಪಿಸಬೇಕಾಯಿತು. ಟಿವಿ ಧಾರಾವಾಹಿಯನ್ನು ಈಗ ರೇಡಿಯೋದ ಹಾಗೆ ಕೇಳುತ್ತಾರೆ.

ರಸ್ತೆ ದೊಡ್ಡ ಸಮಸ್ಯೆಯಾಗಿಯೇ ಉಳಿದಿದೆ. ನೇರ ಎದುರಿಗೆ ಬರುವ ಗಾಡಿ ಅವರಿಗೆ ಬರುವುದೇ ಇಲ್ಲ. ದೂರ ಇರುತ್ತದೆ, ಆಮೇಲೆ ಮೈಮೇಲೆ ಇರುತ್ತದೆ. ಹಾರ್ನ್, ಎಂಜಿನ್ನಿನ ಸದ್ದು ಏರುವುದು ಇವನ್ನು ಹಿಡಿಯಲು ಅಭ್ಯಾಸ ಮಾಡಿದೆವು. ಎಲ್.ಎಂ. ಕೂಡ ಸದ್ದಿನಿಂದಲೇ ಗಾಡಿಯ ದೂರ ಅಂದಾಜು ಮಾಡಲು ಕಲಿತಿದ್ದರು. ಆದರೆ ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಒಂದು ಸದ್ದನ್ನು ಹೆಕ್ಕುವುದು ಆಗದ ಮಾತು. ಸದ್ದಿಲ್ಲದ ಬ್ಯಾಟರಿ ಆಟೋಗಳು ಬಂದ ಮೇಲೆ ಇನ್ನೂ ಕಷ್ಟ. ಅಲ್ಲಿ ಒಬ್ಬರೇ ದಾಟಬಾರದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಅಕ್ಟೋಬರಿನಲ್ಲಿ ಖಾನಾವಳಿ ತೆರೆಯಿತು. ಅಕ್ಕ ಒಲೆಯ ಮುಂದೆ, ಬಡಿಸುವುದು ಗಂಡ ಮತ್ತು ಮಗಳು. ಗಿರಾಕಿಗಳೆಲ್ಲ ಕೂತ ಮೇಲೆ ಒಂದು ಸಲ ಅಕ್ಕ ಹೊರಗೆ ಬಂದು ಎಲ್ಲರಿಗೂ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಹೋಗುತ್ತಾರೆ. ಕೂತ ಮಂದಿ ಅವರಿಗೆ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತಾರೆ.

ಮರುವರ್ಷ ಮತ್ತೆ ಜಾತ್ರೆ ಬಂತು. ಅಕ್ಕನಿಗೆ ಹೋಗುವ ಆಸೆ, ಮನೆಯವರಿಗೆ ಭಯ. ನನ್ನನ್ನು ಕೇಳಿದರು. ನಾನು ಲೆಕ್ಕ ಹಾಕಿದೆ. ಎರಡು ಮೀಟರ್ ದೂರದಲ್ಲಿ ಅಡ್ಡ ಹಾಯುವ ಮನುಷ್ಯ ಸೆಕೆಂಡಿಗೆ ಸುಮಾರು ಹದಿನೈದು ಹೆಬ್ಬೆರಳು. ಅವನು ಅಕ್ಕನಿಗೆ ಕಾಣುವುದಿಲ್ಲ, ಜಿಗಿಯುತ್ತಾನೆ. ಅದೇ ಮನುಷ್ಯ ಇಪ್ಪತ್ತು ಮೀಟರ್ ದೂರದಲ್ಲಿ ನಡೆದರೆ ಎರಡು ಹೆಬ್ಬೆರಳೂ ಆಗುವುದಿಲ್ಲ. ತೇರು ಅವನಿಗಿಂತಲೂ ನಿಧಾನ. ಗದ್ದಲದ ಒಳಗೆ ಹೋಗಬೇಡಿ, ದೂರದಲ್ಲಿ ಎತ್ತರದ ಒಂದು ಕಟ್ಟೆ ಹುಡುಕಿ ಅಂದೆ. ನಾನೂ ಜೊತೆಗೆ ಹೋದೆ.

ಸಂಜೆ, ಗುಡಿಯ ಮುಂದೆ ಕಣ್ಣು ಹಾಯಿಸಿದಷ್ಟೂ ತಲೆಗಳು. ಹತ್ತಿರದ ಮಂದಿ ಅಕ್ಕನ ಕಣ್ಣಿಗೆ ಜಿಗಿಯುತ್ತಿದ್ದರು ಅನಿಸುತ್ತದೆ, ಮಗಳ ಕೈ ಗಟ್ಟಿಯಾಗಿ ಹಿಡಿದು ನೆಲ ನೋಡುತ್ತಾ ನಿಂತಿದ್ದರು. ಜಯಘೋಷ ಏರಿತು. ಬಾಳೆಹಣ್ಣು, ಉತ್ತತ್ತಿ ತೇರಿನ ಕಡೆ ಹಾರತೊಡಗಿದವು. ಅಕ್ಕ ತಲೆ ಎತ್ತಿದರು.

"ಹಣ್ಣು ಕಾಣ್ತಾವೇನ್ರಿ ಅಕ್ಕಾ?"

"ಇಲ್ರಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ತೇರಿನ ಕಳಸ ಗುಡಿಯ ಗೋಡೆಯನ್ನು ಬಿಟ್ಟು ಆಕಾಶದ ಕಡೆಗೆ ಸರಿಯುತ್ತಿತ್ತು. ಅಕ್ಕ ಅದನ್ನೇ ನೋಡುತ್ತಿದ್ದರು. ಆಮೇಲೆ ಮಗಳ ಕೈ ಬಿಟ್ಟು ಎರಡೂ ಕೈ ಮುಗಿದರು.

"ಸರ, ತೇರು ಹೊಂಟದ. ಹೋಗೋದು ಕಾಣ್ಲಕತ್ತದ."